ನುಗ್ಗೇಹಳ್ಳಿಯ ಮೂಕ ಲ್ಯಾಪ್‌ಟಾಪ್

ನುಗ್ಗೇಹಳ್ಳಿಯ ಪುಟ್ಟರಾಜು ಮೂರನೆಯ ಸಲ ಅಂಗಡಿಯ ಮೆಟ್ಟಿಲು ಹತ್ತುವುದನ್ನು ಕಂಡಾಗಲೇ ಕೇದಾರನಿಗೆ ಮೈ ಉರಿಯಿತು. ಕಂಕುಳಲ್ಲಿ ಟವಲು ಸುತ್ತಿದ ಅದೇ ಲ್ಯಾಪ್‌ಟಾಪು. ಬೆನ್ನಿಗೆ ಊರಿನ ಯಜಮಾನ ಮಂಚಯ್ಯ ಬೇರೆ. ಬೆಳಿಗ್ಗೆ ಹತ್ತು ಗಂಟೆಗೇ ಪಂಚಾಯಿತಿ ಕಟ್ಟಿಕೊಂಡು ಬಂದವನನ್ನು ಕೂತುಕೊಳ್ಳಿ ಎನ್ನುವಷ್ಟು ಒಳ್ಳೆಯತನ ಕೇದಾರನಲ್ಲಿ ಉಳಿದಿರಲಿಲ್ಲ.

ಎರಡು ಸಾವಿರದ ಎಂಟನೆಯ ಇಸವಿ. ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಕೇದಾರ ಕಂಪ್ಯೂಟರ್ ಅಂಗಡಿ ಇಟ್ಟು ನಾಲ್ಕು ವರ್ಷವಾಗಿತ್ತು. ಹಾಸನಕ್ಕೆ ಹೋದರೆ ಇವನಿಗಿಂತ ದೊಡ್ಡ ಅಂಗಡಿಗಳಿದ್ದವು, ಬೆಲೆಯೂ ಕಮ್ಮಿ. ಆದರೂ ಸುತ್ತಲ ಹಳ್ಳಿಯವರು ಇವನ ಹತ್ತಿರವೇ ಬರುತ್ತಿದ್ದರು. ಹೊಳೆನರಸೀಪುರದಲ್ಲಿ ಪೂಜೆ ಮಾಡುವ ಚನ್ನಕೇಶವಯ್ಯನವರ ಮಗ, ಸುಳ್ಳು ಹೇಳುವವನಲ್ಲ ಎಂಬ ಒಂದೇ ಮಾತಿಗೆ. ಆ ಮಾತು ಹೋದರೆ ಅಂಗಡಿಗೆ ಬೀಗ ಹಾಕಿಕೊಂಡು ಹೊರಡುವುದೇ ಸೈ. ಇದು ಕೇದಾರನಿಗೆ ಚೆನ್ನಾಗಿ ಗೊತ್ತಿತ್ತು, ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಪುಟ್ಟರಾಜು ಎರಡು ವಾರದ ಕೆಳಗೆ ಬಿಸಿಎ ಓದುವ ಮಗಳು ರೂಪಶ್ರೀಗೆಂದು ಲ್ಯಾಪ್‌ಟಾಪ್ ಕೊಂಡಿದ್ದ. ವಿಂಡೋಸ್ ಇಲ್ಲದೆ ಬರುವ ಅಗ್ಗದ ಮಾಲು ಅದು. ಕೇದಾರನೇ ವಿಂಡೋಸ್ ಹಾಕಿದ್ದ. ಸದ್ದು, ಇಂಟರ್ನೆಟ್ಟು, ಪರದೆ ಎಲ್ಲ ನೆಟ್ಟಗೆ ನಡೆಯಬೇಕಾದರೆ ಒಂದೊಂದಕ್ಕೂ ಡ್ರೈವರ್ ಎನ್ನುವ ಸಣ್ಣ ಪ್ರೋಗ್ರಾಮು ಬೇಕು. ಅದನ್ನು ಹಾಕುವಷ್ಟರಲ್ಲಿ ಪುಟ್ಟರಾಜು ಐದೂವರೆ ಬಸ್ಸು ತಪ್ಪುತ್ತದೆಂದು ಪ್ರಾಣ ತಿಂದಿದ್ದ. ಡ್ರೈವರುಗಳ ಸಿಡಿ ಡಬ್ಬಿಯಲ್ಲೇ ಇದೆ, ಮಗಳು ಹಾಕಿಕೊಳ್ಳಲಿ ಎಂದು ಹೇಳಿ ಕೇದಾರ ಸಾಗಹಾಕಿದ್ದ. ಪುಟ್ಟರಾಜು ಮನೆಗೆ ಹೋಗಿ ನೋಡಿದರೆ ಚಾರ್ಜರು, ವಾರಂಟಿ ಪುಸ್ತಕ, ಥರ್ಮಾಕೋಲು ಎಲ್ಲ ಇವೆ, ಸಿಡಿ ಮಾತ್ರ ಇಲ್ಲ. ಮೆಷಿನ್ನು ಕಣ್ಣು ಬಿಡುತ್ತಿತ್ತು, ಬಾಯಿ ಬಿಡುತ್ತಿರಲಿಲ್ಲ.

“ಒಸ ಟೀವಿ ತಂದ್ರೆ ಮೂಗನಂಗೆ ಕುಂತ್ಕತ್ತದಾ?” ಎಂದು ಪುಟ್ಟರಾಜು ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಕುಕ್ಕಿದ. “ಒಸದು ಅಂದ್ಮೇಲೆ ಎಲ್ಲಾ ಒಳಗೇ ಇರ್ಬೇಕು. ಇಲ್ಲ ಅಂದ್ರೆ ನೀವು ಕೊಟ್ಟಿರೋದು ಅಳೇದು.”

“ಕಂಪನಿಯವರೇ ವಿಂಡೋಸ್ ಹಾಕಿ ಕಳಿಸಿದ್ರೆ ಡ್ರೈವರೂ ಒಳಗೇ ಇರ್ತಿತ್ತು ಗೌಡ್ರೇ. ನೀವು ಕಮ್ಮೀದು ಸಾಕು ಅಂದ್ರಿ. ಇದಕ್ಕೆ ಸಿಡಿ ಬೇರೆ ಕೊಡ್ತಾರೆ. ಅದನ್ನ ನಾನೇ ಡಬ್ಬೀಲಿಟ್ಟಿದೀನಿ. ನಿಮ್ಮನೇಲಿ ಯಾರು ಏನು ಮಾಡಿದ್ರೋ ನನಗೇನು ಗೊತ್ತು?”

ಕೇದಾರ ಒಂದು ರಾತ್ರಿ ಕೂತು ಡ್ರೈವರುಗಳನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಎರಡನೆಯ ಸಲ ಬಂದಾಗ ಪುಟ್ಟರಾಜು ಬೀದಿಯಲ್ಲಿ ನಿಂತು ಕಳ್ಳ ಎಂದಿದ್ದ. ಕಳ್ಳ ಎಂದವನಿಗೆ ಉಪಕಾರ ಮಾಡುವ ದರ್ದು ತನಗೇನಿದೆ ಎಂದು ಕೇದಾರ ಬಿಗಿದುಕೊಂಡಿದ್ದ. ಈಗಲೂ ಮಾತಿಗೆ ಮಾತು ಬೆಳೆಯಿತು. ಪಕ್ಕದ ಜೆರಾಕ್ಸ್ ಅಂಗಡಿಯವರು, ಬಸ್ಸಿಗೆ ಕಾಯುತ್ತಿದ್ದವರು ಎಲ್ಲ ಬಂದು ಬಾಗಿಲಲ್ಲಿ ತುಂಬಿಕೊಂಡರು. ಮಂಚಯ್ಯ ನಡುವೆ ಬಂದು ಕೈ ಅಡ್ಡ ಹಿಡಿದ.

“ಇಬ್ರೂ ಯಾಕೆ ಗಂಟಲು ಅರ್ಕತೀರಿ? ಅಯ್ನೋರು ಕರ್ಪೂರ ಆರಿಸ್ಬುಡ್ಲಿ. ಅಲ್ಲಿಗೆ ಮುಗೀತು ಕಣ.”

ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಹೇಳಿದ ಮಾತಿಗೆ ಆ ಕಡೆ ಎದುರು ಮಾತಿಲ್ಲ. ಸುಳ್ಳು ಹೇಳಿ ಆರಿಸಿದವನ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ. ಕೇದಾರ ಹಿಂದುಮುಂದು ನೋಡಲಿಲ್ಲ. ತಾನೇ ಗಲ್ಲಾಪೆಟ್ಟಿಗೆಯ ಹಿಂದಿನ ನರಸಿಂಹಸ್ವಾಮಿ ಪಟದ ಮುಂದೆ ಕರ್ಪೂರ ಹಚ್ಚಿದ. ಸಿಡಿಯನ್ನು ಈ ಕೈಯಾರೆ ಡಬ್ಬಿಯಲ್ಲಿಟ್ಟಿದ್ದೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಬಲಗೈ ಬಡಿದು ಆರಿಸಿದ. ಅಂಗೈ ಚುರುಗುಟ್ಟಿತು. ಪುಟ್ಟರಾಜುವಿನ ಮುಖ ಕಪ್ಪಿಟ್ಟಿದ್ದನ್ನು ಕಂಡು ಕೇದಾರನಿಗಾದ ಖುಷಿ ಅಷ್ಟಿಷ್ಟಲ್ಲ.

ಮಾರನೆಯ ದಿನ ಪುಟ್ಟರಾಜು ಒಬ್ಬನೇ ಬಂದ. ದನಿ ಇಳಿದಿತ್ತು.

“ತಪ್ಪಾಯ್ತು ಸಾ. ಆಣೆ ಆದ್ಮೇಲೆ ಇನ್ನೇನದೆ. ಮಗಳೇ ಕಳ್ದವಳೆ. ನಾ ಕಾಣ್ನಿಲ್ಲ, ನಾ ಕಾಣ್ನಿಲ್ಲ ಅಂತ ಒಂದೇ ಸಮ ವಾದ ಮಾಡಿದ್ಲು. ಸುಳ್ಳು ಬ್ಯಾರೆ ಏಳ್ತೀಯ ಅಂತ ಎರಡು ಬಿಟ್ಟೆ. ಕಾಲೇಜಿಗೂ ಬ್ಯಾಡ ಅಂದಿವ್ನಿ. ಇದ್ನ ಎಂಗಾದ್ರೂ ಸರಿ ಮಾಡ್ಕೊಡಿ.”

ಕೇದಾರ ಬೇಕೆಂದೇ ಬೇರೆಯವರ ಪ್ರಿಂಟರು ಬಿಚ್ಚುತ್ತ ಅವನನ್ನು ಹತ್ತು ನಿಮಿಷ ನಿಲ್ಲಿಸಿದ. ಆಮೇಲೆ, ಬಿಟ್ಟು ಹೋಗಿ, ಶುಕ್ರವಾರ ಬನ್ನಿ ಎಂದ.

ಗುರುವಾರ ಮಧ್ಯಾಹ್ನ ಕೆಲಸಕ್ಕೆ ಕೂತ. ಇದೇ ಮಾದರಿಯದನ್ನು ದಂಡಿಗನಹಳ್ಳಿಯ ಮೇಷ್ಟರೊಬ್ಬರೂ ಅದೇ ದಿನ ಕೊಂಡಿದ್ದರು. ಅವರ ಸಿಡಿಯ ನಕಲೇನಾದರೂ ಇದೆಯೇ ಎಂದು ಅಂಗಡಿಯ ಸಿಡಿಗಳನ್ನೆಲ್ಲ ಇಡುವ ಚೀಲದ ಜಿಪ್ಪು ಎಳೆದು ಒಂದೊಂದೇ ಹೊದಿಕೆ ಮಗುಚಿದ. ಏಳನೆಯದರಲ್ಲಿ ಕಂಪನಿಯ ಅಸಲಿ ಸಿಡಿಯೇ ಸಿಕ್ಕಿತು. ಅದರ ಮೇಲೆ ನೀಲಿ ಮಾರ್ಕರಿನಲ್ಲಿ ಅವನದೇ ಕೈಬರಹ: ಪುಟ್ಟರಾಜು, ನುಗ್ಗೇಹಳ್ಳಿ.

ಗಿರಾಕಿಯ ಹೆಸರನ್ನು ಸಿಡಿಯ ಮೇಲೆ ಬರೆಯುವುದು ಅವನ ಅಭ್ಯಾಸ. ಒಂದೊಂದೇ ನೆನಪಾಯಿತು. ಮೇಷ್ಟರ ಸಿಡಿಗೆ ಗೀರು ಬಿದ್ದಿತ್ತು. ಪಕ್ಕದ ಡಬ್ಬಿಯಿಂದ ಪುಟ್ಟರಾಜುವಿನದನ್ನು ತೆಗೆದು ಮೇಷ್ಟರ ಮೆಷಿನ್ನಿಗೆ ಹಾಕಿದ್ದ. ಅಷ್ಟರಲ್ಲಿ ಬಸ್ಸು, ಬಸ್ಸು ಎಂದು ಪುಟ್ಟರಾಜು ಕುಣಿದಿದ್ದ. ಡಬ್ಬಿ ಹೋಯಿತು, ಸಿಡಿ ಚೀಲ ಸೇರಿತು.

ಕೇದಾರ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡ. ಸಿಡಿ ಹಾಕಿದ. ಇಪ್ಪತ್ತು ನಿಮಿಷಕ್ಕೆ ಲ್ಯಾಪ್‌ಟಾಪು ಹಾಡಿತು. ಇಂಟರ್ನೆಟ್ಟಿನಿಂದ ಇಳಿಸಿಕೊಂಡೆ ಎಂದರೆ ಕೇಳುವವರು ಯಾರು? ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಹೆಸರಿನ ಮೇಲೆ ಉಜ್ಜಿದ. ‘ನುಗ್ಗೇಹಳ್ಳಿ’ ಅಳಿಸಿಹೋಯಿತು. ‘ಪುಟ್ಟರಾಜು’ ಎನ್ನುವುದರ ಮೇಲೆ ಹತ್ತಿ ಇಟ್ಟವನು ಅಲ್ಲೇ ನಿಂತ. ಅಂಗೈಯಲ್ಲಿ ಕರ್ಪೂರದ ಬೊಕ್ಕೆ ಇನ್ನೂ ಆರಿರಲಿಲ್ಲ, ಸ್ಪಿರಿಟ್ಟು ತಾಗಿ ಉರಿಯುತ್ತಿತ್ತು.

ಶುಕ್ರವಾರ ಪುಟ್ಟರಾಜು ಮಗಳನ್ನು ಕರೆದುಕೊಂಡೇ ಬಂದ, ಅಯ್ಯನವರ ಮುಂದೆ ಅವಳ ಬಾಯಲ್ಲೇ ತಪ್ಪಾಯಿತು ಎನ್ನಿಸಲಿಕ್ಕೆ. ರೂಪಶ್ರೀ ತಲೆ ಎತ್ತಲಿಲ್ಲ. ಎಡಗೆನ್ನೆಯ ಮೇಲೆ ಬಾಸುಂಡೆ ಇನ್ನೂ ಇತ್ತು. ತಪ್ಪಾಯ್ತು ಅಂತ ಏಳೇ ಎಂದು ಅಪ್ಪ ಗದರಿದರೂ ತುಟಿ ಬಿಚ್ಚಲಿಲ್ಲ.

“ಅವಳೇನೂ ಹೇಳೋದು ಬೇಡ,” ಎಂದ ಕೇದಾರ. “ಸಿಡಿ ನನ್ನ ಹತ್ರಾನೇ ಇತ್ತು. ಮೊದಲಿಂದ್ಲೂ.”

ಅರ್ಧ ಅಳಿಸಿದ ಹೆಸರಿನ ಸಿಡಿಯನ್ನು ಮುಂದೆ ಚಾಚಿದ. ಪುಟ್ಟರಾಜು ಕೂಗಾಡುತ್ತಾನೆ, ಕೊರಳಪಟ್ಟಿ ಹಿಡಿಯುತ್ತಾನೆ ಎಂದುಕೊಂಡಿದ್ದ. ಎರಡೂ ಆಗಲಿಲ್ಲ. ಪುಟ್ಟರಾಜು ಆ ಕೈಯನ್ನೇ ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

“ಕರ್ಪೂರ ಆರ್ಸಿದ್ ಕೈನಾಗೆ ಕೊಡಬ್ಯಾಡ,” ಎಂದ. “ಅಲ್ಲಿ ಮಡುಗು.”

ಕೇದಾರ ಮೇಜಿನ ಮೇಲಿಟ್ಟ. ರೂಪಶ್ರೀ ಸಿಡಿಯನ್ನೂ ಲ್ಯಾಪ್‌ಟಾಪನ್ನೂ ಎತ್ತಿಕೊಂಡಳು. ಅಪ್ಪ ನೆರವಿಗೆ ಕೈ ಚಾಚಿದ್ದನ್ನು ಕಂಡೂ ಕೊಡಲಿಲ್ಲ. ಇಬ್ಬರಲ್ಲಿ ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದಳು.