ಮುಚ್ಚಳದ ಮೇಲಿನ ಚೀಟಿ

ಅಕ್ಕ ಹೋಗಿ ಏಳು ವಾರವಾದರೂ ಅವಳ ಎದೆಯ ಸದ್ದು ನನ್ನನ್ನು ಬಿಟ್ಟಿರಲಿಲ್ಲ. ಅವಳ ಹೃದಯಕ್ಕೆ ಲೋಹದ ಕವಾಟ ಹಾಕಿದ್ದರು. ಸುತ್ತ ಗದ್ದಲವಿಲ್ಲದಾಗ ಅದು ಟಿಕ್ ಟಿಕ್ ಎನ್ನುವುದು ಪಕ್ಕದಲ್ಲಿ ಕೂತವರಿಗೂ ಕೇಳುತ್ತಿತ್ತು. "ನಾನು ಯಾರ ಹಿಂದೆನೂ ಕದ್ದು ಬರೋ ಹಾಗಿಲ್ಲ ಕಣೇ" ಎಂದು ಅವಳೇ ನಗುತ್ತಿದ್ದಳು. ಈಗ ಲ್ಯಾಬಿನ ಒಣಗಿಸುವ ಕೋಣೆಯಲ್ಲಿ, ಮಟಮಟ ಮಧ್ಯಾಹ್ನ, ಟ್ರೇಗಳ ಮೇಲೆ ಕಡಲಪಾಚಿ ಹರಡುತ್ತಿರುವಾಗ, ಸರಿಯಾಗಿ ನನ್ನ ಬೆನ್ನ ಹಿಂದೆ ಅದೇ ಸದ್ದು. ಫ್ಯಾನಿನದಿರಬೇಕೆಂದು ಒಂದು ದಿನ ಸ್ವಿಚ್ ಆರಿಸಿದೆ. ಸದ್ದು ಇನ್ನೂ ಸ್ಪಷ್ಟವಾಯಿತು. ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ.

ಪಾಚಿಯನ್ನು ತೊಳೆದು, ಒಣಗಿಸಿ, ಪುಡಿ ಮಾಡಿ, ಬಿಸಿನೀರಿನಲ್ಲಿ ಅದರ ಸಾರ ಇಳಿಸುವುದು ನನ್ನ ಕೆಲಸ. ಆ ಸಾರ ಬೆರೆಸಿದ ರಕ್ತ ಗಾಜಿನ ತಟ್ಟೆಯಲ್ಲಿ ಬಹಳ ಹೊತ್ತು ಹೆಪ್ಪುಗಟ್ಟುತ್ತಿರಲಿಲ್ಲ. ಮುಂದೊಂದು ದಿನ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕಾರ್ಖಾನೆಯ ಮಾತ್ರೆಗೆ ಇದೇ ಬದಲಿಯಾದೀತು ಎಂಬ ಆಸೆ ನಮ್ಮೆಲ್ಲರಿಗೂ ಇತ್ತು. "ತಟ್ಟೆ ಬೇರೆ, ಮನುಷ್ಯರ ಹೊಟ್ಟೆ ಬೇರೆ. ಇನ್ನೂ ಹತ್ತು ವರ್ಷದ ಕೆಲಸ ಬಾಕಿ ಇದೆ" ಎಂದು ನಮ್ಮ ಮೇಡಂ ಹೇಳುತ್ತಲೇ ಇದ್ದರು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ಕವಾಟದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಅವಳು ಬದುಕಿರುವಷ್ಟು ದಿನ ಮಾತ್ರೆ ನುಂಗಬೇಕಿತ್ತು. ಸೂಜಿ ಚುಚ್ಚಿದರೆ ಬೆರಳಿನ ರಕ್ತ ನಿಲ್ಲುತ್ತಲೇ ಇರಲಿಲ್ಲ, ಗಿರಾಕಿಗಳ ಬಟ್ಟೆಯೆಲ್ಲ ಕಲೆ. "ನಿನ್ನ ಪಾಚಿ ಪುಡಿನೇ ಕೊಡೇ. ಗಿಡದ್ದು ತಾನೇ, ಏನಾಗುತ್ತೆ?" ಎಂದು ತಲೆ ತಿಂದಳು. ತಲೆ ತಿಂದಳು ಎನ್ನುವುದೂ ಸುಳ್ಳೇ. ಎರಡು ಸಲ ಕೇಳಿದಳು, ಅಷ್ಟೇ. ಅಕ್ಕನ ಮುಂದೆ ಒಮ್ಮೆಯಾದರೂ ದೊಡ್ಡವಳಾಗುವ ಚಪಲ ನನಗಿತ್ತು. ಪುಡಿ ಕೊಟ್ಟೆ. ಅವಳು ನನಗೊಬ್ಬಳಿಗೆ ಬಿಟ್ಟು ಬೇರೆ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದಳು. ಮಾತ್ರೆಯ ಜೊತೆಗೆ ಪುಡಿಯನ್ನೂ ತಿನ್ನುತ್ತಾಳೆ ಎಂದೇ ಭಾವ ತಿಳಿದಿದ್ದರು. ಮೂರು ತಿಂಗಳು ಏನೂ ಆಗಲಿಲ್ಲ.

ಲ್ಯಾಬಿನಲ್ಲಿ ಒಂದು ಕಟ್ಟಪ್ಪಣೆ ಇದೆ. ಹೆಸರಿನ ಚೀಟಿಯನ್ನು ಡಬ್ಬಿಯ ಮೈಗೆ ಅಂಟಿಸಬೇಕು, ಮುಚ್ಚಳಕ್ಕಲ್ಲ. ತೂಕ ಮಾಡಲು ತೆರೆದು ಮುಚ್ಚುವಾಗ ಮುಚ್ಚಳಗಳು ಅದಲುಬದಲಾಗುತ್ತವೆ. ಹೊಸಬರಿಗೆ ಇದನ್ನು ಗದರಿಸಿ ಕಲಿಸುತ್ತಿದ್ದವಳು ನಾನೇ. ಸಾರ ತೆಗೆದ ಮೇಲೆ ಉಳಿಯುವ ಚರಟವನ್ನು ಸಾಮಾನ್ಯವಾಗಿ ಎಸೆದುಬಿಡುತ್ತಿದ್ದೆವು. ಆ ತಿಂಗಳು ಮಾತ್ರ ಅದರಲ್ಲೂ ಏನಾದರೂ ಉಳಿದಿದೆಯೇ ನೋಡೋಣವೆಂದು ಮೇಡಂ ಒಣಗಿಸಿ ಪುಡಿ ಮಾಡಿಸಿದರು. ಒಳ್ಳೆಯ ಪುಡಿಯದೂ ಚರಟದ್ದೂ ಬಣ್ಣ ಒಂದೇ, ವಾಸನೆ ಒಂದೇ. ಅವತ್ತು ಅಕ್ಕನ ಮನೆಗೆ ಹೋಗುವ ಅವಸರದಲ್ಲಿ ಎರಡು ಡಬ್ಬಿಗೂ ಮುಚ್ಚಳದ ಮೇಲೆ ಚೀಟಿ ಅಂಟಿಸಿ ಹೊರಟೆ. ಮುಂದಿನ ಸಲ ಅವಳಿಗೆ ಒಯ್ದದ್ದು ಚರಟ.

ಕೆಲವು ದಿನ ಕಳೆದು ನಾನು ಹೋದಾಗ, ನನ್ನೆದುರೇ ಅವಳ ಬೆರಳಿಗೆ ಸೂಜಿ ಚುಚ್ಚಿತು. ರಕ್ತ ಥಟ್ಟನೆ ನಿಂತಿತು. ಇಬ್ಬರೂ ಹಿಗ್ಗಿದೆವು. ರಕ್ತ ಎಷ್ಟು ಸೆಕೆಂಡಿಗೆ ಹೆಪ್ಪುಗಟ್ಟುತ್ತದೆಂದು ದಿನವಿಡೀ ಗಡಿಯಾರ ಹಿಡಿದು ನೋಡುವವಳು ನಾನು. ಆ ಬೆರಳು ನೋಡಿ ಎದೆ ಧಸಕ್ಕೆನ್ನಬೇಕಿತ್ತು. ಹಿಗ್ಗಿದೆ! ಬುದ್ಧಿಗೆ ಮಂಕು ಕವಿದಿತ್ತು.

ಐದು ದಿನಕ್ಕೆ ಅವಳು ಹೊಲಿಗೆ ಯಂತ್ರದ ಮೇಲೆಯೇ ಕುಸಿದಳು. ಆಸ್ಪತ್ರೆಯಲ್ಲಿ ಡಾಕ್ಟರು, "ಮಾತ್ರೆ ತಪ್ಪದೆ ತಗೊಳ್ತಿದ್ರಾ?" ಎಂದು ಕೇಳಿದರು. ಭಾವ ನನ್ನ ಮುಖ ನೋಡಿದರು. "ಹೂಂ, ಒಂದು ದಿನಾನೂ ತಪ್ಪಿಸಿಲ್ಲ" ಎಂದೆ.

ಅವಳು ಹೋದ ಮೂರನೇ ವಾರ ಮೇಡಂ ಚರಟದ ಡಬ್ಬಿಯನ್ನು ಪರೀಕ್ಷೆ ಮಾಡಿದರು. ಚರಟದಲ್ಲೂ ಅಷ್ಟೇ ಶಕ್ತಿ ಇದೆಯೆಂದು ಕುಣಿದಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಡಬ್ಬಿಯಲ್ಲಿದ್ದದ್ದು ಒಳ್ಳೆಯ ಪುಡಿಯೆಂದು ನನಗೆ ಹೊಳೆಯಿತು. ಮುಚ್ಚಳ ಅದಲುಬದಲಾಗಿದೆ ಎಂದು ಹೇಳಿ ಚೆನ್ನಾಗಿ ಬೈಸಿಕೊಂಡೆ. ಅಕ್ಕನ ವಿಷಯ ಮಾತ್ರ ಬಾಯಿ ಬಿಡಲಿಲ್ಲ. ಒಳ್ಳೆಯ ಪುಡಿಯಾದರೂ ಅವಳನ್ನು ಉಳಿಸುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಮೊದಲ ಮೂರು ತಿಂಗಳು ಬರೀ ಅದೃಷ್ಟವೇ ಇದ್ದಿರಬಹುದು. ಬೆನ್ನ ಹಿಂದೆ ಆ ಸದ್ದು ಶುರುವಾದದ್ದು ಚಪ್ಪಾಳೆ ತಟ್ಟಿದ ಆ ದಿನವೇ.

ಏಳನೇ ವಾರ ಭಾವ ಮನೆಗೆ ಬರಹೇಳಿದರು. ಅವರು ಬೀಗ ರಿಪೇರಿ ಮಾಡುವವರು. ಮೇಜಿನ ಮೇಲೆ ಬಿಚ್ಚಿಟ್ಟ ಬೀಗಗಳ ನಡುವೆ ಒಂದು ಹೊಸ ಮಾತ್ರೆ ಪಟ್ಟಿ ಬಿದ್ದಿತ್ತು. ಅವರ ಎದೆಬಡಿತ ಏರುಪೇರಾಗಿ, ಡಾಕ್ಟರು ಅಕ್ಕ ನುಂಗುತ್ತಿದ್ದ ಮಾತ್ರೆಯನ್ನೇ ಬರೆದಿದ್ದರು.

"ಇದನ್ನ ನಾನು ಮುಟ್ಟಲ್ಲ" ಎಂದರು. "ಒಂದು ದಿನಾನೂ ತಪ್ಪಿಸದೆ ತಗೊಂಡ್ಳಲ್ಲ, ಏನು ಕಡಿದು ಕಟ್ಟೆ ಹಾಕ್ತು ಇದು? ನನಗೂ ನಿನ್ನ ಪುಡಿನೇ ಕೊಡು ಪುಟ್ಟಿ."

"ಡಾಕ್ಟರು ಹೇಳಿದ್ದು ಕೇಳಿ, ಭಾವ."

"ಡಾಕ್ಟರ ಮಾತು ಕೇಳಿದ್ದಕ್ಕೇ ಅವಳು ಹೋಗಿದ್ದು."

ಟಿಕ್ ಟಿಕ್. ಈಗ ಅದು ಬೆನ್ನ ಹಿಂದಿರಲಿಲ್ಲ, ಪಕ್ಕದ ಖಾಲಿ ಕುರ್ಚಿಯಲ್ಲಿತ್ತು. ನನಗೆ ವಿಪರೀತ ಭಯವಾಯಿತು. ಸುಮ್ಮನಿದ್ದರೆ ಇವರೂ ಹೋಗುತ್ತಾರೆ. ಬಾಯಿ ಬಿಟ್ಟರೆ ಈ ಮನೆಯ ಬಾಗಿಲು ನನಗೆ ಮುಚ್ಚಿದ ಹಾಗೆ.

"ಅವಳು ಮಾತ್ರೆ ಬಿಟ್ಟು ನಾಲ್ಕು ತಿಂಗಳಾಗ್ತಾ ಬಂದಿತ್ತು, ಭಾವ" ಎಂದೆ. ಆಮೇಲೆ ಪುಡಿ, ಚರಟ, ಚೀಟಿ, ಆಸ್ಪತ್ರೆಯಲ್ಲಿ ಹೇಳಿದ ಸುಳ್ಳು ಎಲ್ಲ ಒಂದೇ ಉಸಿರಿಗೆ ಹೊರಬಂತು.

ಭಾವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೇಜಿನ ಮೇಲಿದ್ದ ಒಂದು ಸ್ಪ್ರಿಂಗನ್ನು ಬೆರಳಲ್ಲಿ ಒತ್ತಿ ಬಿಟ್ಟರು.

"ಕೊನೇಲಿ ಪುಡಿ ಬರೀ ಸಪ್ಪೆ ಅಂತಿದ್ಳು" ಎಂದರು. "ಉಪ್ಪಿನ ಅಂಶಾನೇ ಇಲ್ಲ, ಮರದ ಹೊಟ್ಟು ತಿಂದ ಹಾಗಿದೆ ಅಂದ್ಳು. ತಂಗಿನ ಕೇಳೇ ಅಂದೆ. 'ಬೇಡ, ಅವಳು ಬೇಜಾರು ಮಾಡ್ಕೋತಾಳೆ' ಅಂತ ಎರಡೆರಡು ಚಮಚ ತಿನ್ನೋಕೆ ಶುರು ಮಾಡಿದ್ಳು."

ಅಷ್ಟು ಹೇಳಿ ಪಟ್ಟಿಯಿಂದ ಒಂದು ಮಾತ್ರೆ ಒಡೆದು, ನೀರಿಲ್ಲದೆಯೇ ನುಂಗಿದರು. ಹೊರಗೆ ಗೇಟಿನ ಸದ್ದಾಯಿತು. ಅಕ್ಕನ ಮಗಳು ಕಾಲೇಜಿನಿಂದ ಬಂದಿದ್ದಳು. ಹಿತ್ತಿಲ ಬಾಗಿಲಿಂದ ಹೋಗಿಬಿಡೋಣವೆಂದು ನಾನು ಎದ್ದೆ.

"ಕೂತ್ಕೋ" ಎಂದರು ಭಾವ. "ಅವಳಿಗೂ ನೀನೇ ಹೇಳು."

ಕೂತೆ. "ಚಿಕ್ಕಮ್ಮಾ, ಯಾವಾಗ ಬಂದೆ?" ಎನ್ನುತ್ತಾ ಅವಳು ಓಡಿ ಬಂದು, ಹಿಂದಿನಿಂದ ನನ್ನ ಕೊರಳು ಬಳಸಿ ಹೆಗಲಿಗೆ ಗಲ್ಲ ಊರಿದಳು.