ತಮ್ಮನ ಹೆಸರಿನ ಹಾಸು

ಕದಿರಮ್ಮ ಅತ್ತ ಕಣ್ಣೀರನ್ನು ಹಿಡಿದಿಟ್ಟಿದ್ದರೆ ಹಿಂದೂಪುರಕ್ಕೆ ಆ ಬೇಸಿಗೆ ಟ್ಯಾಂಕರ್ ಬೇಕಾಗುತ್ತಿರಲಿಲ್ಲ. ಮೊದಲ ದಿನ ನೇಕಾರರ ಬೀದಿಯ ಹೆಂಗಸರೆಲ್ಲ ಬಂದು ಸುತ್ತ ಕೂತು ಜೊತೆಗೆ ಅತ್ತರು. ಎರಡನೆಯ ದಿನ ಅವಳ ಅಳು ಕೇಳುತ್ತ ಕಡಲೆಕಾಯಿ ಸುಲಿದರು. ಮೂರನೆಯ ದಿನ ಸೆರಗು ಅಡ್ಡ ಹಿಡಿದು ಆಕಳಿಸಿದರು. ನಾಲ್ಕನೆಯ ದಿನ ಬಂದವಳು ಮೂಲೆ ಅಂಗಡಿಯ ಗುರುಶಾಂತಮ್ಮ ಒಬ್ಬಳೇ. ಅವಳೂ ಬಂದದ್ದು ತನ್ನ ಜರಡಿ ವಾಪಸು ಒಯ್ಯಲು.

ಆಗಿದ್ದಿಷ್ಟು. ಕದಿರಮ್ಮನಿಗೆ ಒಬ್ಬನೇ ತಮ್ಮ, ವೆಂಕಟೇಶಪ್ಪ. ಕಲ್ಯಾಣದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟು ದೊಡ್ಡ ಮನುಷ್ಯನಾದವನು. ತಾಯಿ ಸತ್ತಾಗ ಅವನಿಗೆ ಒಂದೂವರೆ ವರ್ಷ, ಇವಳಿಗೆ ಹತ್ತು. ಕಂಕುಳಲ್ಲಿ ಹೊತ್ತು ಹೊತ್ತು ಇವಳ ಸೊಂಟ ಆ ಕಡೆಗೇ ವಾಲಿ ನಿಂತುಬಿಟ್ಟಿತ್ತು. ಈಗಲೂ ಅವಳು ನಡೆದರೆ ಬೀದಿಯೇ ಒಂದು ಕಡೆ ಇಳಿಜಾರಾಗಿದೆಯೇನೋ ಅನಿಸುತ್ತದೆ. ಆ ತಮ್ಮನ ಮಗಳು ಹರಿತಾಗೆ ಮದುವೆ ಗೊತ್ತಾಯಿತು. ಅವರ ಮನೆತನದಲ್ಲಿ ಧಾರೆ ಸೀರೆಯನ್ನು ನೇಯಬೇಕಾದವಳು ಸೋದರತ್ತೆ. ಕದಿರಮ್ಮ ನಲವತ್ತೊಂದು ದಿನ ಗುಂಡಿಯ ಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು, ಅರಿಶಿನದ ಒಡಲಿಗೆ ಕುಂಕುಮದ ಅಂಚು ಕೊಟ್ಟು, ಸೆರಗಿನಲ್ಲಿ ಜೋಡಿ ಹಂಸ ನೇಯ್ದಳು. ಆ ಹಂಸಗಳನ್ನು ನೀರಿಗೆ ಬಿಟ್ಟಿದ್ದರೆ ಈಜಿಕೊಂಡು ಹೋಗುತ್ತಿದ್ದವು.

ಛತ್ರದಲ್ಲಿ ಗಂಡಿನ ಕಡೆಯ ಮುದುಕಿಯೊಬ್ಬಳು ಸೀರೆ ಸವರಿ ನೋಡಿ, "ಯಾರು ನೇಯ್ದದ್ದು?" ಎಂದಳು. ಹೇಳಿದರು. "ಗಂಡ ಇಲ್ಲದೋಳ ಕೈ ಸೀರೇನಾ? ಅದನ್ನ ಉಟ್ಟು ಧಾರೆಗೆ ಕೂರಿಸ್ತೀರಾ?" ಎಂದಳು. ವೆಂಕಟೇಶಪ್ಪ ಮಳೆಯಲ್ಲಿ ನೆನೆದ ಕೋಳಿಯ ಹಾಗೆ ಎರಡು ನಿಮಿಷ ನಿಂತ. ಆಮೇಲೆ ಐನೂರು ಜನರ ಮುಂದೆ ಆ ಸೀರೆಯನ್ನು ಎತ್ತಿ ಅಡುಗೆಯವನ ಹೆಂಡತಿಯ ಕೈಗೆ ಹಾಕಿ, "ತಗೊಳಮ್ಮ, ನೀನು ಉಟ್ಕೋ" ಎಂದ. ಆ ಪುಣ್ಯಾತ್ಗಿತ್ತಿ ಅಲ್ಲೇ ಉಟ್ಟು, ಹಂಸಗಳನ್ನು ಸೊಂಟಕ್ಕೆ ಸಿಕ್ಕಿಸಿ, ಪಂಕ್ತಿಯಲ್ಲಿ ಸಾಂಬಾರು ಬಡಿಸುತ್ತ ಬಂದು ಕದಿರಮ್ಮನ ಎಲೆಯ ಮುಂದೆಯೇ ಬಗ್ಗಿ, "ಇನ್ನೊಂದು ಸೌಟು ಹಾಕ್ಲಾ ಅಮ್ಮಾ?" ಎಂದಳು.

ಅದಕ್ಕೇ ಅಷ್ಟು ಅಳು. ಆದರೆ ಬೀದಿಯ ಕಿವಿಗೂ ಒಂದು ಅಳತೆ ಇರುತ್ತದೆ. ಗುರುಶಾಂತಮ್ಮ ಜರಡಿ ಕೊಡವಿಕೊಂಡು, "ಹೋಗ್ಲಿ ಬುಡು ಕದಿರಕ್ಕ, ಎಷ್ಟಾದ್ರೂ ತಮ್ಮ ತಾನೆ" ಎಂದಳು.

ಆ 'ಹೋಗ್ಲಿ ಬುಡು' ಕೇಳಿ ಕದಿರಮ್ಮನಿಗೆ ಮೈಯೆಲ್ಲ ಉರಿಯಿತು.

"ಬುಡದಾ? ಮದುವೆಗೆ ಆಗದ ಕೈ ಹೆಣಕ್ಕೆ ಆಯ್ತದೆ ಕಣೇ! ಅವನು ಸತ್ತ ದಿನ ಹೊದಿಸೋ ಬಟ್ಟೇನ ಈ ಕೈಯಲ್ಲೇ ನೇಯ್ತೀನಿ. ಇವತ್ತೇ ಹಾಸು ಏರಿಸ್ತೀನಿ, ಅವನ ಹೆಸರಲ್ಲೇ!"

ಗುರುಶಾಂತಮ್ಮ ಜರಡಿಯನ್ನು ಕೆಳಗಿಟ್ಟಳು. ಅವಳು ಹೊಸಿಲು ದಾಟಿ ಹೋಗಿ ಬರುವಷ್ಟರಲ್ಲಿ ಹನ್ನೊಂದು ಹೆಂಗಸರು ನಡುಮನೆಯಲ್ಲಿದ್ದರು.

ಆ ಬೀದಿಯಲ್ಲಿ ಒಂದು ಪದ್ಧತಿ. ಮಗ್ಗಕ್ಕೆ ಹಾಸಿನ ಉದ್ದನೆಯ ಎಳೆಗಳನ್ನು ಏರಿಸುವಾಗ ಮೊದಲ ಎಳೆಗೆ ಅರಿಶಿನ ಹಚ್ಚಿ, ಯಾರಿಗಾಗಿ ನೇಯುತ್ತಾರೋ ಅವರ ಹೆಸರು ಹೇಳಿ ಗಂಟು ಹಾಕಿದರೆ ಅದು ಹೆಸರಿಟ್ಟ ಹಾಸು. ಮದುವಣಗಿತ್ತಿಗೆ ಹಾಕುತ್ತಾರೆ, ತೊಟ್ಟಿಲ ಬಟ್ಟೆಗೆ ಹಾಕುತ್ತಾರೆ. ಹಾಗೆ ಹೆಸರಿಟ್ಟ ಬಟ್ಟೆಯನ್ನು ಅರ್ಧಕ್ಕೆ ಕತ್ತರಿಸುವಂತಿಲ್ಲ. ಕತ್ತರಿಸಿದರೆ ಆ ಹೆಸರಿನವರ ಆಯುಸ್ಸಿಗೇ ಕತ್ತರಿ ಬಿದ್ದಂತೆ. ಹೆಣದ ಬಟ್ಟೆಗೆ ಹೆಸರಿಟ್ಟವರು ಅಜ್ಜಿಯ ಅಜ್ಜಿಯ ಕಾಲದಿಂದಲೂ ಯಾರೂ ಇರಲಿಲ್ಲ. ಕದಿರಮ್ಮ ಬಿಳಿ ನೂಲಿನ ಎಳೆಗೆ ಅರಿಶಿನ ಬಳಿದು, "ವೆಂಕಟೇಶಪ್ಪ" ಎಂದು ಗಂಟು ಬಿಗಿದಳು. ಪಕ್ಕದ ಮನೆಯ ಭಾನುಪ್ರಕಾಶ್, ಎರಡು ಪವರ್‌ಲೂಮ್ ಇಟ್ಟುಕೊಂಡ ಮೂವತ್ತರ ಗಂಡಸು, ಕಿಟಕಿಯಿಂದ ಎಲ್ಲವನ್ನೂ ಫೋನಿನಲ್ಲಿ ಹಿಡಿದ.

ಮರುದಿನದಿಂದ ನೋಡಬೇಕಿತ್ತು ಆ ಮನೆಯ ವೈಭವ. ಗುರುಶಾಂತಮ್ಮ ಹೊತ್ತಿಗೆ ಸರಿಯಾಗಿ ಕಾಫಿ ತಂದಳು. ಯಾರೋ ಹೋಳಿಗೆ ತಂದರು. ಅತ್ತಾಗ ಆಕಳಿಸಿದವರೇ ಈಗ ಕಣ್ಣೊರೆಸಿಕೊಂಡು, "ಎಂಥಾ ಸಂಕಟ ಇದ್ರೆ ಇಂಥಾ ಮಾತು ಬತ್ತದೆ!" ಎಂದರು. ಲೇಪಾಕ್ಷಿ ಬಸ್ಸಿನಲ್ಲಿ ಕೆಲಸಕ್ಕೆ ಬರುವ ಹೆಂಗಸರು ಸಂಜೆ ಬಸ್ಸು ಬಿಟ್ಟು ಮಗ್ಗ ನೋಡಲು ಬಂದರು. ಬಂದವರೆಲ್ಲ ಕೇಳುವುದು ಒಂದೇ: "ಎಷ್ಟು ಮೊಳ ಆಯ್ತಕ್ಕ?"

ಭಾನುಪ್ರಕಾಶ್ ಫೋನು ಹಿಡಿದು ಬಂದು, "ದೊಡ್ಡಮ್ಮಾ, ಮೂರು ಲಕ್ಷ ಜನ ನೋಡವ್ರೆ! ತೆಲುಗಲ್ಲಿ ಬರ್ದವ್ರೆ ನೋಡು, 'ಅಕ್ಕಾ, ವದಲೊದ್ದು'. ಬಿಡಬ್ಯಾಡ ಅಂತ!" ಎಂದ.

"ನಾನು ಅತ್ತಿದ್ದನ್ನೂ ಹಾಕಿದ್ಯಲ್ಲಪ್ಪ, ಅದನ್ನ ಎಷ್ಟು ಜನ ನೋಡಿದ್ರು?"

"ಅದಾ? ನಲವತ್ತು ಜನ. ಅದ್ರಾಗೆ ಹತ್ತು ಸಲ ನಾನೇ ನೋಡಿದ್ದು."

ಮೊದಲ ವಾರ ಕದಿರಮ್ಮ ಮಗ್ಗ ಒಡೆದುಹೋಗುವ ಹಾಗೆ ಹಲಗೆ ಬಡಿದಳು. ಹದಿನೈದನೆಯ ದಿನಕ್ಕೆ ಸಿಟ್ಟೆಲ್ಲ ಆರಿದ ಗಂಜಿಯಾಯಿತು. ಜನ ಇದ್ದಾಗ ಲಾಳಿ ಹಾರುತ್ತಿತ್ತು, ಜನ ಎದ್ದು ಹೋದೊಡನೆ ಕೈ ನಿಲ್ಲುತ್ತಿತ್ತು. ಒಂದು ಸಂಜೆ ಬಾಯಿ ತಪ್ಪಿ, "ನಮ್ಮ ವೆಂಕಟೇಶ ಚಿಕ್ಕೋನಿದ್ದಾಗ ಮಳೆ ಗುಡುಗಿದ್ರೆ ನನ್ನ ಸೆರಗೊಳಗೇ ನುಗ್ತಿದ್ದ" ಎಂದಳು. ಹೆಂಗಸರ ಮುಖಗಳು ಇಳಿದವು. ಒಬ್ಬಳು ಎದ್ದು ಚಪ್ಪಲಿ ಹುಡುಕಿದಳು.

"ಈಗ ಅದ್ಯಾಕೆ ಬುಡಮ್ಮ" ಎಂದಳು ಗುರುಶಾಂತಮ್ಮ. "ಆ ಸಾಂಬಾರು ಬಡಿಸಿದ್ದು ಹೇಳು. ಇವರು ಸೋಮಂದೇಪಲ್ಲಿಯಿಂದ ಬಂದವ್ರೆ, ಕೇಳಿಲ್ಲ."

ಕದಿರಮ್ಮ ಹೇಳಿದಳು. ಹೇಳಿದ ಹಾಗೆಲ್ಲ ಸೌಟು ದೊಡ್ಡದಾಗಿ ಬಕೆಟ್ಟಾಯಿತು. ಹಂಸಗಳು ಸಾಂಬಾರಿನಲ್ಲಿ ಮುಳುಗಿ ಸತ್ತವು. ಹೆಂಗಸರು ಲೊಚಗುಟ್ಟಿ, ಇನ್ನಷ್ಟು ಹತ್ತಿರ ಸರಿದು ಕೂತರು. ಅವಳು ಲಾಳಿ ಎಸೆದಳು, ಭಾನುಪ್ರಕಾಶ್ ದಿನದಿನದ್ದೂ ಫೋನಿನಲ್ಲಿ ಹಿಡಿದು ಹಾಕಿದ. ಬಟ್ಟೆ ಬೆಳೆಯಿತು. ಒಂಬತ್ತು ಮೊಳದ ಹಾಸಿನಲ್ಲಿ ಏಳು ಮೊಳ ಮುಗಿದ ದಿನ ಹರಿತಾಳ ಫೋನು ಬಂತು.

"ಅತ್ತೇ, ಅಪ್ಪ ಅಂಗಡೀಲೇ ಬಿದ್ದೋದ್ರು. ಎದೆ ನೋವು. ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬಂದಿದ್ದೀವಿ. ಡಾಕ್ಟ್ರು ಪರವಾಗಿಲ್ಲ ಅಂತಾರೆ. ಆದ್ರೆ ಅಪ್ಪ ಅನ್ನ ಮುಟ್ಟಲ್ಲ. ಇಡೀ ದಿನ ನಿನ್ನ ವಿಡಿಯೋ ನೋಡ್ತಾರೆ. ಬೆರಳು ಮಡಚಿ ಮೊಳ ಎಣಿಸ್ತಾರೆ ಕಣತ್ತೆ."

ಬೀದಿಗೆ ಸುದ್ದಿ ಮುಟ್ಟಿತು. ಆ ಒಂದು ದಿನ ಹಬ್ಬ. "ಹತ್ತಿತು ನೋಡು! ಹೆತ್ತ ಹೊಟ್ಟೆಗಿಂತ ಹೊತ್ತ ಸೊಂಟದ ಶಾಪ ದೊಡ್ಡದು" ಎಂದು ಕುಣಿದರು. ಎರಡನೆಯ ದಿನ ಸದ್ದಿಲ್ಲ. ಮೂರನೆಯ ದಿನ ಕದಿರಮ್ಮ ನಲ್ಲಿಗೆ ಹೋದರೆ ಸಾಲು ತಾನಾಗಿ ಸರಿದು ದಾರಿ ಬಿಟ್ಟಿತು. ಬಸುರಿಯೊಬ್ಬಳು ಹೊಟ್ಟೆಗೆ ಸೆರಗು ಮುಚ್ಚಿಕೊಂಡಳು. ಕಾಫಿ ನಿಂತಿತು.

"ಏನೇ ಗುರುಶಾಂತೀ, ನನ್ನ ಮೇಲೆ ನಿಂಗೂ ಭಯವಾ?" ಎಂದು ಕದಿರಮ್ಮ ಅಂಗಡಿಯ ಮುಂದೆ ನಿಂತಳು.

ಗುರುಶಾಂತಮ್ಮ ಬೇಳೆ ಅಳೆಯುವುದನ್ನು ನಿಲ್ಲಿಸಲಿಲ್ಲ. "ಭಯ ಯಾಕಮ್ಮ. ನನ್ನ ಹೆಸರು ಮಾತ್ರ ಅಷ್ಟು ಸಲ ಕೂಗಬ್ಯಾಡ."

"ನೀವೇ ತಾನೆ ದಿನಾ ಬಂದು ಎಷ್ಟು ಮೊಳ ಎಷ್ಟು ಮೊಳ ಅಂತಿದ್ದೋರು?"

"ನಾವು ಕೇಳಿದ್ವಿ. ನೇಯ್ದೋಳು ನೀನು."

ಕದಿರಮ್ಮ ನೇರವಾಗಿ ಭಾನುಪ್ರಕಾಶನ ಮನೆಗೆ ಹೋಗಿ, "ಇನ್ನೊಂದು ಹಿಡಿಯಪ್ಪ. ನಾನು ಸುಮ್ಕೆ ಕೋಪಕ್ಕೆ ಅಂದೆ, ನನ್ನ ತಮ್ಮ ನೂರು ವರ್ಷ ಬಾಳಲಿ ಅಂತ ಹೇಳ್ತೀನಿ" ಎಂದಳು. ಅವನು ತಲೆ ಕೆರೆದುಕೊಂಡು ಹಿಡಿದ. ಸಂಜೆ ಅವಳೇ ಹೋಗಿ ಕೇಳಿದಳು.

"ಯಾರೂ ನೋಡ್ತಿಲ್ಲ ದೊಡ್ಡಮ್ಮಾ. ಮಗ್ಗದ್ದು ಹಾಕು ಅಂತವ್ರೆ. ಒಬ್ಬ ಬರ್ದವ್ನೆ, ಮುದುಕಿ ಹೆದರ್ಕೊಂಡ್ಲು ಅಂತ. ಇನ್ನೊಬ್ಬ, ಇವಳು ಆ ಅಕ್ಕ ಅಲ್ಲವೇ ಅಲ್ಲ ಅಂತ."

"ನಾನು ನಾನಲ್ವಾ?"

"ಅಳೋ ಮುದುಕೀರು ಊರ ತುಂಬ ಅವ್ರೆ ದೊಡ್ಡಮ್ಮಾ" ಎಂದ ಭಾನುಪ್ರಕಾಶ್, ಬೇಸರದಿಂದಲೇ. ಅವನು ಕೆಟ್ಟವನಲ್ಲ.

ಮನೆಗೆ ಬಂದು ಮಗ್ಗದ ಮುಂದೆ ನಿಂತಳು. ಮುಗಿಸಿದರೆ ಹೆಣದ ಬಟ್ಟೆ ಸಿದ್ಧವಾಯಿತು, ಅದಕ್ಕೆ ಹೆಣ ಬೇಕು. ಕತ್ತರಿಸಿದರೆ ಆಯುಸ್ಸು ಕತ್ತರಿಸಿತು. ಹಾಗೇ ಬಿಟ್ಟರೆ ಇಲಿ ಇದೆ. ಇಲಿಗೆ ವೆಂಕಟೇಶಪ್ಪ ಯಾರೆಂದು ಗೊತ್ತೇ? ಅವಳಿಗಿದ್ದದ್ದು ಆ ಒಂದೇ ಮಗ್ಗ. ಬೇರೆ ಹಾಸು ಏರಿಸುವ ಹಾಗೂ ಇಲ್ಲ, ಹೊಟ್ಟೆ ಸುಮ್ಮನಿರುವ ಹಾಗೂ ಇಲ್ಲ. ನೂಲಿನ ಮೇಲೆ ಹಳೆಯ ಕಂಬಳಿ ಹೊದಿಸಿ, ಸುತ್ತ ಬೇವಿನ ಸೊಪ್ಪು ಕಟ್ಟಿ, ಬೆಳಿಗ್ಗೆ ಹುರಿಹಿಟ್ಟಿನ ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ಎರಡನೆಯ ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ಕುಂದುರ್ಪಿಯ ಕಡೆಯ ಹೆಂಗಸೊಬ್ಬಳು ಇವಳ ಮುಖವನ್ನೇ ನೋಡಿ ನೋಡಿ, ಕೊನೆಗೆ ಕೈ ಬಡಿದು, "ಅಕ್ಕಾ, ಮೀರೇನಾ? ನೀನೇನಾ ಮಗ್ಗದಕ್ಕ! ಏಳ್ರೋ, ಸೀಟು ಬುಡ್ರೋ!" ಎಂದು ಕೂಗಿದಳು. ಮೂರು ಜನ ಎದ್ದು ನಿಂತರು. ಅಂಥ ಮರ್ಯಾದೆ ಎಮ್ಮೆಲ್ಲೆಗೂ ಸಿಕ್ಕಿರಲಾರದು.

"ಮುಗೀತಾ ಅಕ್ಕ? ಚೀಲದಾಗೆ ಅದೇನಾ?"

"ಹುರಿಹಿಟ್ಟು ಕಣಮ್ಮ. ತಮ್ಮನಿಗೆ ಹುಷಾರಿಲ್ಲ, ನೋಡ್ಕೊಂಡು ಬರೋಕೆ ಹೋಯ್ತಿದ್ದೀನಿ."

ಆ ಹೆಂಗಸು ಚೀಲ ಮುಟ್ಟಿ ನೋಡಿದಳು. ಡಬ್ಬಿಯೇ ಕೈಗೆ ಸಿಕ್ಕಿತು. ಮೋಸ ಹೋದವಳಂತೆ ಮುಖ ಮಾಡಿ, "ನಮ್ಮತ್ತಿಗೆ ನನ್ನ ಮನೆ ಮುರಿದ್ಲು. ನಿನ್ನ ನೋಡ್ಕೊಂಡೇ ಧೈರ್ಯ ತಗೊಂಡಿದ್ದೆ ಅಕ್ಕ" ಎಂದಳು. ಆಮೇಲೆ ಇಳಿಯುವವರೆಗೂ ಕಿಟಕಿಯ ಕಡೆಗೇ ಮುಖ ತಿರುಗಿಸಿ ಕೂತಳು. ಕದಿರಮ್ಮನಿಗೆ ಕ್ಷಮೆ ಕೇಳಬೇಕೆನಿಸಿತು. ಯಾವುದಕ್ಕೆ ಎಂದು ಹೊಳೆಯಲಿಲ್ಲ.

ಕಲ್ಯಾಣದುರ್ಗದ ಮನೆಯ ಬಾಗಿಲಲ್ಲಿ ತಮ್ಮನ ಹೆಂಡತಿ ಕಲ್ಪನಾ ಎರಡು ಕೈಯನ್ನೂ ಚೌಕಟ್ಟಿಗೆ ಕೊಟ್ಟು ನಿಂತಳು.

"ಅಲ್ಲೇ ನಿಲ್ಲಿ ಅತ್ತಿಗೆ. ಚೀಲ ಕೆಳಗಿಡಿ. ಸೆರಗು ಕೊಡವಿ. ನೂಲು ಗೀಲು ಅಂಟ್ಕೊಂಡಿದ್ರೆ ಒಳಕ್ಕೆ ತರಬ್ಯಾಡಿ."

ಕದಿರಮ್ಮ ಕೊಡವಿದಳು. ಮುಡಿಯನ್ನೂ ಕೊಡವಿದಳು. ಬಾಯಿ ಮಾಡಿ ಗೊತ್ತಿದ್ದ ಹೆಂಗಸು, ಹತ್ತು ಜನರ ನಡುವೆ ಒಂದು ಮಾತಿಗೆ ನೂರು ಕೊಡುತ್ತಿದ್ದವಳು, ಬೀದಿಯಲ್ಲಿ ನಿಂತು ಬರಿಗೈ ತಿರುವಿ ತಿರುವಿ ತೋರಿಸಿದಳು. ಒಳಗಿಂದ ವೆಂಕಟೇಶಪ್ಪನ ದನಿ ಬಂತು. "ಯಾರು, ಅಕ್ಕನಾ? ಬುಡೇ ಒಳಕ್ಕೆ."

ಮಂಚದ ಮೇಲಿದ್ದವನು ಅರ್ಧವಾಗಿದ್ದ. ಮೀಸೆ ಮಾತ್ರ ಮೊದಲಿನಷ್ಟೇ ಇತ್ತು. ಅಕ್ಕನನ್ನು ಕಂಡು ಕಣ್ಣಲ್ಲಿ ನೀರು ತಂದುಕೊಂಡ. ಅವಳಿಗೂ ಬಂತು. ಈಗ ತಪ್ಪಾಯಿತು ಎನ್ನುತ್ತಾನೆ, ನಾನೂ ಎನ್ನುತ್ತೇನೆ, ಮುಗಿಯಿತು ಎಂದುಕೊಂಡು ಅವಳು ಮಂಚದ ಅಂಚಿಗೆ ಕೂತಳು.

"ಎಷ್ಟು ಮೊಳ ಆಯ್ತಕ್ಕ?" ಎಂದ ವೆಂಕಟೇಶಪ್ಪ.

"ಥೂ, ಬುಡ್ಲಾ. ಅದೆಲ್ಲ ಬಾಯಿಗೆ ಬಂದದ್ದು."

"ಏಳಾ?"

ಅವಳು ಸುಳ್ಳು ಹೇಳಬೇಕೆಂದುಕೊಂಡಳು. ಆ ಕಣ್ಣುಗಳ ಮುಂದೆ ಬರಲಿಲ್ಲ. "ಏಳು."

"ನಾನೂ ಅಷ್ಟೇ ಎಣಿಸಿದ್ದೆ." ಅವನು ಬೆರಳು ಮಡಚಿ ನೋಡಿಕೊಂಡ. "ಕತ್ತರಿಸಬ್ಯಾಡಕ್ಕ. ಮುಗಿಸಲೂ ಬ್ಯಾಡ."

"ಇಲ್ಲ ಕಣ್ಲಾ. ಅದರ ತಾವ ಸುಳಿಯಲ್ಲ. ಆಣೆ."

"ಆಣೇನ ನಂಬಬಹುದು. ನಿನ್ನ ಕೋಪಾನ ನಂಬಂಗಿಲ್ಲ. ಯಾರೋ ಒಬ್ಬಳು ಬಂದು ಕಾಫಿ ಕೊಟ್ಟು ಎಷ್ಟು ಮೊಳ ಅಂತಾಳೆ, ನೀನು ಕೂತೇಬುಡ್ತೀಯ. ನಂಗೆ ನೀನು ಗೊತ್ತಿಲ್ವಾ?" ಉಸಿರು ಎಳೆದುಕೊಂಡ. "ಇಲ್ಲೇ ಇದ್ದುಬುಡು."

ಕದಿರಮ್ಮನ ಜೀವ ಹಿಗ್ಗಿತು. "ನನ್ನನ್ನ ಇಟ್ಕೋತೀಯೇನ್ಲಾ? ಅಕ್ಕ ಬೇಕು ಅನ್ನಿಸ್ತಾ?"

"ನೀನು ಇಲ್ಲಿದ್ರೆ ಅಲ್ಲಿ ನೇಯೋರಿಲ್ಲವಲ್ಲ" ಎಂದ ವೆಂಕಟೇಶಪ್ಪ.

ಬಾಗಿಲಲ್ಲಿದ್ದ ಕಲ್ಪನಾ, "ಕೀಲಿ ಎಲ್ಲಿ ಅತ್ತಿಗೆ? ಆ ಮನೇದು" ಎಂದು ಕೈ ಚಾಚಿದಳು. ಕದಿರಮ್ಮ ಸೊಂಟದಿಂದ ಬಿಚ್ಚಿ ಕೊಟ್ಟಳು. ಕಲ್ಪನಾ ಅದನ್ನು ಕುಂಕುಮದ ಭರಣಿಯ ಹಿಂದೆ, ದೇವರ ಗೂಡಿನಲ್ಲಿ ಇಟ್ಟಳು.

"ಆ ಸೀರೆ" ಎಂದಳು ಕದಿರಮ್ಮ, ಸ್ವಲ್ಪ ಹೊತ್ತಾದ ಮೇಲೆ. "ಅವತ್ತು ಯಾಕ್ಲಾ ಹಂಗೆ ಮಾಡ್ದೆ?"

ವೆಂಕಟೇಶಪ್ಪ ಅವಳ ಬಲಗೈಯ ಮಣಿಕಟ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಎಷ್ಟೋ ದಿನಗಳ ಮೇಲೆ ಮಧ್ಯಾಹ್ನದ ನಿದ್ದೆಗೆ ಜಾರಿದ್ದ. ಮನೆಯವರೆಲ್ಲ ತುದಿಗಾಲಲ್ಲಿ ಓಡಾಡಿದರು. ಕದಿರಮ್ಮನ ಸೊಂಟ ಹಿಡಿದುಕೊಂಡಿತು, ಕಾಲು ಜೋಮು ಹತ್ತಿತು, ಗಂಟಲು ಒಣಗಿತು. ಮೆಲ್ಲಗೆ ಕೈ ಬಿಡಿಸಿಕೊಳ್ಳಲು ನೋಡಿದಳು. ನಿದ್ದೆಯಲ್ಲೇ ಅವನ ಹಿಡಿತ ಬಿಗಿಯಿತು.

"ಒಂದು ಲೋಟ ನೀರು ಕೊಡೇ ಕಲ್ಪನಾ."

ಕಲ್ಪನಾ ತಂದಳು. ಕೊಡುವ ಮೊದಲು ಗಂಡನ ಕೈಗಳನ್ನೂ ಅವುಗಳೊಳಗಿನ ಕೈಯನ್ನೂ ನೋಡಿದಳು.

"ಎಡಗೈಯಲ್ಲಿ ಕುಡೀರಿ ಅತ್ತಿಗೆ" ಎಂದು ಪಿಸುಗುಟ್ಟಿದಳು. "ಆ ಕೈ ಅಲ್ಲೇ ಇರಲಿ."