ಬೀಗ ಹಾಕಿದ್ದ ಮನೆಗಳು

ನಾನು ಮೊದಲ ಸಲ ನೋಡಿದಾಗ ಅವರು ಸಂಶೋಧನಾ ಕೇಂದ್ರದ ಹಿತ್ತಲಲ್ಲಿ, ನಲ್ಲಿಯ ಬುಡದಲ್ಲಿ ಮಂಡಿಯೂರಿ ಕೂತು, ಹರಿದುಹೋಗುವ ನೀರು ಎಲ್ಲಿ ಸೇರುತ್ತದೆಂದು ಬಗ್ಗಿ ನೋಡುತ್ತಿದ್ದರು. ಎಂಟು ಜೇಬಿನ ಮಾಸಲು ಕೋಟು. ಒಂದು ಬೂಟಿಗೆ ಬಿಳಿ ಲೇಸು, ಇನ್ನೊಂದಕ್ಕೆ ಕಂದು. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದ ಅಂಕಪಟ್ಟಿಗಳನ್ನು ಎದೆಗವಚಿಕೊಂಡು ಸಂದರ್ಶನಕ್ಕೆ ಬಂದಿದ್ದ ನಾನು, ನಲ್ಲಿ ರಿಪೇರಿಯವರಿರಬೇಕು ಅಂದುಕೊಂಡು, "ದೊಡ್ಡ ಡಾಕ್ಟರ ಕೋಣೆ ಯಾವುದು?" ಎಂದು ಕೇಳಿದೆ. ಅವರು ತಲೆ ಎತ್ತಲಿಲ್ಲ.

"ನಿಮ್ಮೂರಲ್ಲಿ ಎಷ್ಟು ಬಾವಿ?"

"ನಾಲ್ಕು."

"ಕುಡಿಯೋಕೆ ಎಷ್ಟರಲ್ಲಿ ಸೇದ್ತೀರಿ?"

"ಎರಡರಲ್ಲಿ."

"ಮಿಕ್ಕೆರಡು ಯಾಕೆ ಬಿಟ್ರಿ?"

ಒಂದು ಉಪ್ಪು, ಇನ್ನೊಂದರ ಪಕ್ಕಕ್ಕೆ ದನದ ಕೊಟ್ಟಿಗೆ ಬಂತು ಎಂದೆ. ಅವರು ಎದ್ದು ಮಂಡಿಯ ಕೆಸರು ಕೊಡವಿಕೊಂಡು, "ಸೋಮವಾರದಿಂದ ಬನ್ನಿ" ಎಂದರು. ಅಂಕಪಟ್ಟಿಗಳ ಕವರು ಬಿಚ್ಚುವ ಪ್ರಸಂಗವೇ ಬರಲಿಲ್ಲ.

ಕೇಂದ್ರದಲ್ಲಿ ಎಲ್ಲರೂ ಬೆನ್ನ ಹಿಂದೆ ಅವರನ್ನು 'ಎಷ್ಟರಲ್ಲಿ ಮೇಡಂ' ಎನ್ನುತ್ತಿದ್ದರು. ಹತ್ತು ಜನಕ್ಕೆ ವಾಂತಿಭೇದಿ ಎಂದು ಯಾರಾದರೂ ಓಡಿಬಂದರೆ ಅವರ ಮೊದಲ ಮಾತು, "ಎಷ್ಟು ಜನರಲ್ಲಿ?" ನೂರರಲ್ಲಿ ಹತ್ತಾದರೆ ಬೆಂಕಿ, ಹತ್ತು ಸಾವಿರದಲ್ಲಿ ಹತ್ತಾದರೆ ಬರೀ ಹೊಗೆ; ಕೆಳಗಿನ ಅಂಕಿ ಗೊತ್ತಿಲ್ಲದೆ ಮೇಲಿನ ಅಂಕಿಗೆ ಹೆದರುವುದೂ ತಪ್ಪು, ಸಮಾಧಾನಪಡುವುದೂ ತಪ್ಪು ಎಂಬುದು ಅವರ ವಿದ್ಯೆಯ ಸಾರ. ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಅವರ ಯಜಮಾನರು ನಗುತ್ತಾ ಹೇಳುತ್ತಿದ್ದರು: "ನಮ್ಮ ಮದುವೆಗೆ ಎಷ್ಟು ಜನ ಬಂದಿದ್ರು ಅಂತ ಕೇಳಿ ನೋಡಿ. ಎಷ್ಟು ಜನರನ್ನ ಕರೆದಿದ್ವಿ ಅಂತ ಮೊದಲು ಹೇಳ್ತಾಳೆ!"

ಇಪ್ಪತ್ತಾರು ವರ್ಷ ಅವರು ಮೂರು ಖಂಡಗಳ ಬಂದರುಗಳಲ್ಲಿ, ನಿರಾಶ್ರಿತರ ಶಿಬಿರಗಳಲ್ಲಿ, ತಗಡಿನ ಮನೆಗಳ ಸಾಲುಗಳಲ್ಲಿ ವಾಂತಿಭೇದಿಯ ಹಿಂದೆ ಬಿದ್ದು ಅಲೆದಿದ್ದರು. ನಲ್ಲಿಗೂ ಚರಂಡಿಗೂ ನಡುವಿನ ದೂರವನ್ನು ಹೆಜ್ಜೆಯಲ್ಲೇ ಅಳೆಯುವ ರೂಢಿಯಿಂದಾಗಿ ಅವರ ನಡಿಗೆಗೆ ಗಡಿಯಾರದ ಮುಳ್ಳಿನ ನಿಯಮ ಬಂದುಬಿಟ್ಟಿತ್ತು. ದಾರಿಯಲ್ಲಿ ಮಾತಾಡಿಸಿದರೆ ಕೈ ಅಡ್ಡ ಹಿಡಿದು, "ತಡೀರಿ, ಲೆಕ್ಕ ತಪ್ಪುತ್ತೆ" ಎನ್ನುತ್ತಿದ್ದರು. ಮನೆಮನೆ ಸಮೀಕ್ಷೆ ಹೇಗಿರಬೇಕೆಂದು ಅವರು ಬರೆದ ನಿಯಮಗಳನ್ನು ಹನ್ನೊಂದು ದೇಶಗಳಲ್ಲಿ ಪಾಲಿಸುತ್ತಿದ್ದರು. ನಾನು ಸೇರಿದ ನಾಲ್ಕನೆಯ ವರ್ಷ, ಈ ರೋಗದ ವಿಶ್ವ ಸಮಿತಿಗೆ ಅವರೇ ಮುಂದಿನ ಅಧ್ಯಕ್ಷರೆಂದು ಗೊತ್ತಾಯಿತು.

ಅದೇ ವರ್ಷ ನದಿ ದಂಡೆಯ ಗಿರಣಿ ಕಾರ್ಮಿಕರ ಬಡಾವಣೆಯಲ್ಲಿ ರೋಗ ಕಾಣಿಸಿತು. ಆರುನೂರ ಹನ್ನೆರಡು ಮನೆ. ವಾರಕ್ಕೊಮ್ಮೆ ಪ್ರತಿ ಮನೆಗೂ ಹೋಗಬೇಕು. ಎರಡು ಸಲ ಹೋದರೂ ಬಾಗಿಲು ಹಾಕಿದ್ದರೆ ದಫ್ತರದಲ್ಲಿ 'ಬೀಗ' ಎಂದು ಬರೆದು ಆ ವಾರದ ಲೆಕ್ಕದಿಂದ ಬಿಡಬೇಕು. ಇದು ಅವರದೇ ನಿಯಮ. ಮೊದಲ ವಾರ ಹದಿನಾಲ್ಕು ಬೀಗ, ಎರಡನೆಯ ವಾರ ಮೂವತ್ತೊಂದು, ಮೂರನೆಯ ವಾರ ಅರವತ್ತೇಳು. ಕೊನೆಯ ಹಾಳೆಯ ಅಡಿಯಲ್ಲಿ ಪೆನ್ಸಿಲಿನಿಂದ ಕೂಡಿಸಿ ಬರೆದವನು ನಾನು. ಅಂಕಿ ಏರುತ್ತಿದ್ದುದನ್ನು ಕಂಡೂ ಬಾಯಿಬಿಟ್ಟು ಹೇಳಲಿಲ್ಲ. ಅವರು ಆ ಹಾಳೆ ತಿರುಗಿಸಲಿಲ್ಲ. ತೆರೆದಿದ್ದ ಮನೆಗಳಲ್ಲಿ ರೋಗ ಮೂರರಲ್ಲೊಂದು ಪಾಲಿಗೆ ಇಳಿದಿತ್ತು. ಗುರುವಾರದ ಸಭೆಯಲ್ಲಿ, "ಇಳೀತಾ ಇದೆ" ಎಂದು ಅಧಿಕಾರಿಗಳಿಗೆ ತಿಳಿಸಿ ವರದಿಗೆ ರುಜು ಹಾಕಿದರು. ಶನಿವಾರ ಚಿಕಿತ್ಸಾ ಶಿಬಿರ ಎತ್ತಿದರು, ಶುದ್ಧ ನೀರಿನ ಲಾರಿಗಳು ವಾಪಸು ಹೋದವು.

ಮುಂದಿನ ವಾರ ಆಸ್ಪತ್ರೆಯ ಪಡಸಾಲೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಹತ್ತೊಂಬತ್ತು ಜನ ಸತ್ತರು.

ನಾವಿಬ್ಬರೂ ಮತ್ತೆ ಬಡಾವಣೆಗೆ ಹೋದೆವು. ಬೀಗ ಹಾಕಿದ್ದ ಒಂದು ಮನೆಯ ಎದುರು ನಿಂತಾಗ ಪಕ್ಕದ ಬಾಗಿಲಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಗಸು ತುಳಿಯುವುದನ್ನು ನಿಲ್ಲಿಸಿದಳು.

"ಈಗ ಯಾರನ್ನ ಹುಡುಕ್ತೀರಿ ಡಾಕ್ಟ್ರಮ್ಮ? ಗಂಡ ಹೆಂಡ್ತಿ ಇಬ್ಬರಿಗೂ ಒಟ್ಟಿಗೇ ಶುರುವಾಯ್ತು. ನೋಡ್ಕೊಳ್ಳೋರಿಲ್ಲ ಅಂತ ಅವಳ ಅಣ್ಣ ಬಂದು ಮೇಲಿನ ಬೀದಿಗೆ ಕರ್ಕೊಂಡು ಹೋದ. ಈಗ ಆ ಅಣ್ಣನೂ ಇಲ್ಲ."

ಮೇಡಂ ದಫ್ತರ ತೆರೆದು ಆ ಮನೆಯ ಸಾಲು ಹುಡುಕಿದರು.

"ನಿಮ್ಮೋರು ಎರಡು ಸಲ ಬಂದ್ರು, ಬೀಗ ಅಲ್ಲಾಡಿಸಿದ್ರು, ಬರ್ಕೊಂಡು ಹೋದ್ರು. ನಾನು ಇಲ್ಲೇ ಕೂತಿದ್ದೆ. ಯಾಕೆ ಬೀಗ ಹಾಕಿದೆ ಅಂತ ನನ್ನನ್ನ ಒಂದು ಮಾತು ಕೇಳೋಕೆ ನಿಮಗೇನು ಬಾಯಿ ನೋಯ್ತಿತ್ತಾ?"

ಹೆಚ್ಚು ಕಾಯಿಲೆ ಬಿದ್ದವರೇ ಮನೆಗೆ ಬೀಗ ಹಾಕಿ ಬಂಧುಗಳ ಕಡೆ ಹೋಗಿದ್ದರು, ರೋಗವನ್ನೂ ಜೊತೆಗೆ ಒಯ್ದಿದ್ದರು. ನಮ್ಮ ದಫ್ತರದಲ್ಲಿ ಉಳಿದವರು ಗಟ್ಟಿಯಾಗಿದ್ದವರು. ಜೀವಮಾನವಿಡೀ 'ಎಷ್ಟರಲ್ಲಿ' ಎಂದು ಕೇಳಿದವರ ಕೈಯಿಂದಲೇ ಕೆಳಗಿನ ಅಂಕಿ ಸೋರಿಹೋಗಿತ್ತು. ಅಂದು ಹಿಂದಿರುಗುವಾಗ ಅವರು ಹೆಜ್ಜೆ ಎಣಿಸಲಿಲ್ಲ. ಎರಡು ಕಡೆ ಎಡವಿದರು.

ವರದಿ ತಪ್ಪೆಂದು ಜಗತ್ತಿಗೆಲ್ಲ ತಿಳಿಸಿ ಹಿಂತೆಗೆದುಕೊಳ್ಳುತ್ತೇನೆ ಎಂದು ಮೇಡಂ ಹೇಳಿದಾಗ ಕೇಂದ್ರದ ನಿರ್ದೇಶಕರು ಕುರ್ಚಿಯಿಂದ ಎದ್ದೇಬಿಟ್ಟರು. "ನಿಯಮದ ಪ್ರಕಾರವೇ ಮಾಡಿದ್ದೀರಲ್ಲ, ಯಾರೂ ಬೆರಳು ತೋರಿಸಲ್ಲ. ಮುಂದಿನ ತಿಂಗಳು ಅಧ್ಯಕ್ಷರಾಗೋರು, ನಿಮ್ಮ ತಲೆ ಮೇಲೆ ನೀವೇ ಯಾಕೆ ಕಲ್ಲು ಹಾಕ್ಕೊಳ್ತೀರಿ?"

"ನಿಯಮ ಬರೆದೋಳು ನಾನೇ ಸಾರ್. ಇನ್ನೂ ಹತ್ತು ದೇಶದಲ್ಲಿ ಇದೇ ನಡೀತಿದೆ. ನಾನು ಬಾಯಿ ಮುಚ್ಕೊಂಡ್ರೆ ಅಲ್ಲೂ ಬೀಗ ನೋಡಿ ವಾಪಸ್ ಬರ್ತಾರೆ."

ಹಾಳೆಯ ಅಡಿಯ ಮೊತ್ತ ನನಗೆ ಗೊತ್ತಿತ್ತು, ನನ್ನ ಹೆಸರನ್ನೂ ಸೇರಿಸಿ ಎಂದು ನಾನು ತೊದಲಿದೆ. "ನೀವು ಬರೆದಿದ್ರಿ. ನಾನು ಓದ್ಲಿಲ್ಲ. ಎರಡೂ ಒಂದೇ ಅಲ್ಲ" ಎಂದರು. ಆ ಮಾತು ನನ್ನನ್ನು ಕಾಪಾಡಿತು, ಹಗುರ ಮಾಡಲಿಲ್ಲ.

ವರದಿಯನ್ನು ಹಿಂತೆಗೆದುಕೊಳ್ಳುವ ಅವರ ಪತ್ರ ಪ್ರಕಟವಾಯಿತು. ಬೀಗ ಕಂಡರೆ ಅಕ್ಕಪಕ್ಕ ವಿಚಾರಿಸಲೇಬೇಕೆಂದು ಹನ್ನೊಂದೂ ದೇಶಗಳಲ್ಲಿ ನಿಯಮ ಬದಲಾಯಿತು. ಅಧ್ಯಕ್ಷ ಪದವಿ ಬೇರೆಯವರಿಗೆ ಹೋಯಿತು. ಆಹ್ವಾನಗಳು ಕಡಿಮೆಯಾಗಿ, ಮರುವರ್ಷ ನಿಂತೇಹೋದವು. ಕೆಲಸ ಬಿಡುವ ದಿನ ಅವರ ಮೇಜಿನ ಮೇಲೆ ಹತ್ತೊಂಬತ್ತು ಹೆಸರುಗಳ ಒಂದು ಪಟ್ಟಿ ಮಾತ್ರ ಇತ್ತು. ಅದನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡರು.

ರೋಗದ ಲೆಕ್ಕ ಇಡುವವರ ಬದುಕಿನಲ್ಲಿ ಇದೊಂದು ವಿಚಿತ್ರವಾದ ಅನ್ಯಾಯ. ಅವರ ಎಣಿಕೆ ಸರಿಯಾದಾಗ ಏನೂ ಆಗುವುದಿಲ್ಲ. ಉಳಿದುಕೊಂಡವರಿಗೆ ತಾವು ಉಳಿದೆವೆಂಬುದೇ ತಿಳಿಯದು, ಅವರು ಎಲ್ಲೋ ಜಗಳವಾಡುತ್ತ, ಬಸ್ಸು ಹಿಡಿಯುತ್ತ ಹೆಸರಿಲ್ಲದೆ ಇರುತ್ತಾರೆ. ಎಣಿಕೆ ತಪ್ಪಿದಾಗ ಮಾತ್ರ ಹೆಸರುಗಳು ಬರುತ್ತವೆ, ವಯಸ್ಸು ಬರುತ್ತದೆ, ಮನೆಯ ನಂಬರು ಬರುತ್ತದೆ. ಕಾಪಾಡಿದ ಲಕ್ಷ ಮಂದಿಯಲ್ಲಿ ಒಬ್ಬರಾದರೂ ಬಂದು ಅವರ ಪರವಾಗಿ ಸಾಕ್ಷಿ ಹೇಳುವುದಿಲ್ಲ.

ಈಗ ಅವರು ಒಂದು ನರ್ಸಿಂಗ್ ಶಾಲೆಯಲ್ಲಿ ವಾರಕ್ಕೆ ಮೂರು ದಿನ ಸಮೀಕ್ಷೆಯ ಪಾಠ ಹೇಳುತ್ತಾರೆ. ಮೊದಲ ತರಗತಿಯಲ್ಲಿ ತಾವು ಹಿಂತೆಗೆದುಕೊಂಡ ಆ ವರದಿಯನ್ನೇ ಹಂಚಿ, ತಪ್ಪು ಎಲ್ಲಿದೆ ಹುಡುಕಿ ಎನ್ನುತ್ತಾರೆ.